ಆ ಕಂಪ್ಯೂಟರನ್ನು ಈ ಶನಿವಾರ ಆನ್ ಮಾಡಬೇಡ

ಬಸವನಗುಡಿ, ಬೆಂಗಳೂರು

ಪ್ರಿಯ ಮಂಜು,

ನೀನು ಕಳಿಸಿದ ಫೋಟೊಗಳನ್ನೆಲ್ಲ ದೊಡ್ಡದು ಮಾಡಿ ಮಾಡಿ ನೋಡಿದೆ. ರಾಜಾಜಿನಗರದ ಮನೆಯ ಅಟ್ಟದಿಂದ ಇಳಿಸಿದ ಕ್ಯಾಬಿನೆಟ್, ಹಳೇ ಬೆಡ್‌ಶೀಟ್ ಹೊದಿಸಿಟ್ಟ 14 ಇಂಚಿನ ಮಾನಿಟರ್, ಸುರುಳಿ ವೈರಿನ ಕೀಬೋರ್ಡ್, ಬಿಸ್ಕತ್ ಡಬ್ಬಿಯ ತುಂಬ ಫ್ಲಾಪಿ. ‘ಶನಿವಾರ ಎಲ್ಲ ಜೋಡಿಸಿ ಆನ್ ಮಾಡ್ತೀನಿ, ಆ ಸದ್ದು ಇನ್ನೊಂದು ಸಲ ಕೇಳಬೇಕು’ ಅಂತ ಬರೆದಿದ್ದೀಯ. ನಿನ್ನ ಆಸೆ ಅರ್ಥವಾಗುತ್ತದೆ ಕಣೋ. ಆದರೂ ಶನಿವಾರ ಅದನ್ನು ಪ್ಲಗ್ಗಿಗೆ ಹಾಕಬೇಡ. ಸದ್ದು ಕೊನೆಗೆ ಬರಲಿ. ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳಿವೆ, ಅವಕ್ಕೊಂದು ಕ್ರಮವಿದೆ. ಕ್ರಮ ತಪ್ಪಿದರೆ ಕೈಗೆ ಸಿಗಬಹುದಾದ್ದೂ ಸಿಗದೆ ಹೋಗುತ್ತದೆ.

ಆ ಸದ್ದುಗಳೆಂದರೆ ಯಾವುವು ಹೇಳು. ಮುಂದಿನ ಸ್ವಿಚ್ ಒತ್ತಿದಾಗಿನ ದಪ್ಪ ‘ಟಕ್’, ಫ್ಯಾನಿನ ‘ಗುಂಯ್’, ಪರದೆಯ ಮೇಲೆ ಅಂಕಿ ಏರುತ್ತ ರ‍್ಯಾಮ್ ಎಣಿಸುವ ‘ಟಿಕ್ ಟಿಕ್ ಟಿಕ್’, ಫ್ಲಾಪಿ ಡ್ರೈವಿನ ‘ಗರ್ರ್’, ಆಮೇಲೆ ಒಂದೇ ಒಂದು ಬೀಪ್. ಇದೆಲ್ಲ ಯಂತ್ರ ತನ್ನ ಆರೋಗ್ಯವನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತಿದ್ದ ಸದ್ದು. ಒಂದೊಂದರ ಹಿಂದೆಯೂ ಒಂದೊಂದು ಭಾಗವಿದೆ, ಒಂದೊಂದು ಭಾಗಕ್ಕೂ ಅದರದೇ ಮುಪ್ಪಿದೆ.

ಕ್ಯಾಬಿನೆಟ್ಟಿನ ಮುಂದೆ ವೇಗ ಬದಲಿಸುವ ಟರ್ಬೊ ಗುಂಡಿ, ಪಕ್ಕದಲ್ಲಿ ಕೆಂಪು ‘66’ ತೋರಿಸುವ ಅಂಕಿಯ ಪಟ್ಟಿ ಇದೆ ಅಂದಿದ್ದೀಯ. ಹಾಗಾದರೆ ಒಳಗಿನ ಮುಖ್ಯ ಚಿಪ್ 486 ಡಿಎಕ್ಸ್2, 66 ಮೆಗಾಹರ್ಟ್ಸಿನದು ಇರಬೇಕು. ಇಂಟೆಲ್ ಆ ಚಿಪ್ ಬಿಟ್ಟಿದ್ದು 1992ರಲ್ಲಿ. ಆ ‘66’ ಏನನ್ನೂ ಅಳೆಯುವುದಿಲ್ಲ ಎನ್ನುವುದು ಆಗ ಬಹಳ ಜನಕ್ಕೆ ಗೊತ್ತಿರಲಿಲ್ಲ. ಪಟ್ಟಿಯ ಹಿಂದೆ ಸಾಲಾಗಿ ಜಂಪರ್‌ಗಳಿರುತ್ತವೆ, ಅಂದರೆ ಎರಡು ಪಿನ್ನನ್ನು ಸೇರಿಸುವ ಪುಟ್ಟ ಟೋಪಿಗಳು. ಜೋಡಿಸಿದವರು ಅವನ್ನು ಹೇಗೆ ಸಿಕ್ಕಿಸಿದ್ದರೋ ಆ ಅಂಕಿ ಉರಿಯುತ್ತದೆ. ಆದ್ದರಿಂದ ಮುಚ್ಚಳ ತೆಗೆದು ಚಿಪ್ಪಿನ ಮೇಲೆ ಬರೆದಿರುವುದನ್ನೇ ಓದು.

ಮುಚ್ಚಳ ತೆಗೆದ ಕೂಡಲೇ ಮಾಡಬೇಕಾದ ಕೆಲಸ ಎರಡು, ಎರಡನ್ನೂ ಇವತ್ತೇ ಮಾಡು. ಬ್ಯಾಟರಿ ಕತ್ತರಿಸು, ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದಿಡು.

486 ಬೋರ್ಡುಗಳಲ್ಲಿ, ಅಂದರೆ ಮುಖ್ಯ ಚಿಪ್ ಕೂರುವ ಮದರ್‌ಬೋರ್ಡುಗಳಲ್ಲಿ, ಕೀಬೋರ್ಡ್ ಸಿಕ್ಕಿಸುವ ದುಂಡನೆಯ ಸಾಕೆಟ್ಟಿನ ಹತ್ತಿರ, ಬೋರ್ಡಿಗೇ ಬೆಸುಗೆ ಹಾಕಿದ ಒಂದು ಪುಟ್ಟ ಪೀಪಾಯಿ ಇರುತ್ತದೆ. ಹೆಚ್ಚಾಗಿ ನೀಲಿ ಅಥವಾ ಹಸಿರು ಬಣ್ಣದ್ದು. 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಅದು. ಗಡಿಯಾರವನ್ನೂ ಬಯಾಸ್ (ಕಂಪ್ಯೂಟರ್ ಏಳುವಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗನ್ನೂ ಕಾಯುತ್ತಿದ್ದದ್ದು ಅದೇ, ಈಗ ಬೋರ್ಡನ್ನು ತಿನ್ನುತ್ತಿರುವುದೂ ಅದೇ. ವರ್ಷಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದ ಬ್ಯಾಟರಿಯ ಸೀಲ್ ಬಿಟ್ಟುಕೊಂಡು ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಗೆ ಒಸರುತ್ತದೆ. ಒಸರಿದ್ದು ತಾಮ್ರದ ಗೆರೆಗಳ ಗುಂಟ, ಹಸಿರು ಲೇಪನದ ಅಡಿಯಲ್ಲೇ ಹರಿದುಹೋಗುತ್ತದೆ. ನಿನ್ನ ಮೂರನೇ ಫೋಟೊದಲ್ಲಿ ಆ ಮೂಲೆಯಲ್ಲಿ ಹಸಿರು–ನೀಲಿ ಹಿಟ್ಟಿನಂಥದ್ದು ಕಾಣುತ್ತಿದೆ. ಅದು ಧೂಳಲ್ಲ, ತಾಮ್ರದ ಕಿಲುಬು.

ಸಣ್ಣ ಕಟರಿನಿಂದ ಬ್ಯಾಟರಿಯ ಎರಡೂ ಕಾಲು ಕತ್ತರಿಸಿ ತೆಗೆ. ಮೊದಲು ಫೋಟೊ ತೆಗೆದುಕೋ, ಪ್ಲಸ್ ಯಾವ ಕಡೆ ಎಂದು ಬರೆದಿಟ್ಟುಕೋ. ಕೈಗೆ ಗ್ಲವ್ಸ್ ಇರಲಿ. ಒಸರಿದ್ದು ಕ್ಷಾರ, ಆದ್ದರಿಂದ ಅದನ್ನು ಕೊಲ್ಲಲು ಹುಳಿ ಬೇಕು: ಮನೆಯಲ್ಲಿರುವ ಬಿಳಿ ವಿನಿಗರ್ ಸಾಕು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಹಚ್ಚಿದರೆ ಸಣ್ಣಗೆ ನೊರೆ ಬರುತ್ತದೆ. ನೊರೆ ನಿಲ್ಲುವ ತನಕ ಹಚ್ಚುತ್ತಿರು. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆ. ಇನ್ವರ್ಟರ್ ಬ್ಯಾಟರಿಗೆ ಹುಯ್ಯುವ ನೀರೇ ಅದು, ಬ್ಯಾಟರಿ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಸಿಗುತ್ತದೆ. ನಲ್ಲಿ ನೀರು ಬೇಡ, ಅದರಲ್ಲಿನ ಉಪ್ಪು ಬೋರ್ಡಿನ ಮೇಲೇ ಉಳಿಯುತ್ತದೆ. ಕೊನೆಗೊಮ್ಮೆ ಶೇಕಡ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಫ್ಯಾನಿನ ಕೆಳಗೆ ಒಂದಿಡೀ ದಿನ ಒಣಗಿಸು. ವಿನಿಗರ್ ಹಚ್ಚಿ ತೊಳೆಯದೆ ಬಿಟ್ಟರೆ ಈಗಿರುವುದಕ್ಕಿಂತ ಬೇಗ ಹಾಳಾಗುತ್ತದೆ, ನೆನಪಿರಲಿ.

ಒಣಗಿದ ಮೇಲೆ ಮಲ್ಟಿಮೀಟರಿನ ಬೀಪ್ ಮೋಡಿನಲ್ಲಿ ಆ ಮೂಲೆಯ ಗೆರೆಗಳನ್ನು ಒಂದೊಂದಾಗಿ ನೋಡು. ಗೆರೆ ಕಪ್ಪಗಿದ್ದರೂ ಬೀಪ್ ಬಂದರೆ ಲೇಪನ ಕೆರೆದು, ತೆಳ್ಳಗೆ ಸೋಲ್ಡರ್ ಬಳಿದರೆ ಸಾಕು. ಬೀಪ್ ಬರದಿದ್ದರೆ ಎರಡು ತುದಿಗೆ ಸಣ್ಣ ವೈರ್ ಎಳೆಯಬೇಕು. ಕೀಬೋರ್ಡ್ ನೋಡಿಕೊಳ್ಳುವ ದೊಡ್ಡ ಚಿಪ್ ಸಾಮಾನ್ಯವಾಗಿ ಅಲ್ಲೇ ಪಕ್ಕದಲ್ಲಿರುತ್ತದೆ. ಅದು ಸಾಕೆಟ್ಟಿನಲ್ಲಿದ್ದರೆ ಮೆಲ್ಲಗೆ ಎಬ್ಬಿಸಿ ಕೆಳಗೂ ನೋಡು, ಕಿಲುಬು ಅಡಗಿ ಕೂರುವ ಜಾಗ ಅದು.

ಬೇರೆ ಬ್ಯಾಟರಿ ಹಾಕುವಾಗ ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ. ಗುಂಡನೆಯ ಸಿಆರ್2032 ಸೆಲ್ ತಂದು ಹಳೆಯ ಜಾಗಕ್ಕೇ ನೇರವಾಗಿ ಬೆಸೆಯುತ್ತಾರೆ. ಆ ಜಾಗಕ್ಕೆ ಬೋರ್ಡಿನಿಂದ ಚಾರ್ಜಿಂಗ್ ಕರೆಂಟ್ ಬರುತ್ತದೆ. ಸಿಆರ್2032 ಚಾರ್ಜ್ ಆಗುವ ಸೆಲ್ ಅಲ್ಲ, ಉಬ್ಬಿ ಒಡೆಯುತ್ತದೆ. ಪ್ಲಸ್ ಕಡೆ ಒಂದು ಡಯೋಡ್ ಸೇರಿಸಿದರೆ ಕರೆಂಟ್ ಸೆಲ್ಲಿನಿಂದ ಬೋರ್ಡಿಗೆ ಮಾತ್ರ ಹರಿಯುತ್ತದೆ. 1ಎನ್5817 ಎಂದು ಕೇಳು, ಅದರಲ್ಲಿ ವೋಲ್ಟೇಜ್ ಕಡಿಮೆ ಬೀಳುತ್ತದೆ. ಬೋರ್ಡಿನಲ್ಲಿ ‘ಎಕ್ಸ್‌ಟರ್ನಲ್ ಬ್ಯಾಟರಿ’ ಎಂದು ನಾಲ್ಕು ಪಿನ್ನಿನ ಜಾಗವಿದ್ದರೆ ಅದು ಇನ್ನೂ ಒಳ್ಳೆಯದು. ಮೂರು ಪೆನ್ಸಿಲ್ ಸೆಲ್ಲಿನ ಡಬ್ಬಿಯನ್ನು ಉದ್ದ ವೈರಿನಲ್ಲಿ ಅಲ್ಲಿಗೆ ಕೊಟ್ಟು, ಬೋರ್ಡಿನಿಂದ ದೂರ, ಕ್ಯಾಬಿನೆಟ್ಟಿನ ತಳದಲ್ಲಿ ಅಂಟಿಸಿಡು. ಇನ್ನೊಮ್ಮೆ ಒಸರಿದರೂ ಒಸರುವುದು ಬರೀ ತಗಡಿನ ಮೇಲೆ.

ಈಗ ಹಾರ್ಡ್ ಡಿಸ್ಕ್. ಈ ಕ್ಯಾಬಿನೆಟ್, ಈ ಬೋರ್ಡ್, ಈ ಮಾನಿಟರ್ ಹಾಳಾದರೆ ಇಂಥದ್ದೇ ಇನ್ನೊಂದನ್ನು ಗುಜರಿಯಲ್ಲಿ ಹುಡುಕಬಹುದು. ಡಿಸ್ಕಿನೊಳಗಿನ ತಟ್ಟೆಯ ಮೇಲೆ, ಆ ಡಬ್ಬಿಯ ಫ್ಲಾಪಿಗಳಲ್ಲಿ ನಿಮ್ಮ ತಂದೆ ಬರೆದಿಟ್ಟದ್ದು ಇನ್ನೆಲ್ಲೂ ಇಲ್ಲ. ಇಷ್ಟು ಉದ್ದಕ್ಕೆ ನಾನು ಬರೆಯುತ್ತಿರುವುದು ಅದಕ್ಕೇ.

ಅದನ್ನು ಹಳೆಯ ಕಂಪ್ಯೂಟರಿನಲ್ಲೇ ಬೂಟ್ ಮಾಡಿ ನೋಡುವ ಆಸೆ ಬಿಡು. ವಿಂಡೋಸ್ 3.1 ಆಗಲಿ 95 ಆಗಲಿ ಏಳುವಾಗಲೇ ಸ್ವಾಪ್ ಫೈಲ್ ಎಂಬ ತಾತ್ಕಾಲಿಕ ಫೈಲನ್ನು ಡಿಸ್ಕಿಗೆ ಬರೆಯಬಹುದು. ಬರೆಯುವುದು ಖಾಲಿ ಜಾಗದಲ್ಲಿ. ಅಳಿಸಿಹಾಕಿದ ಹಳೆಯ ಪತ್ರಗಳು ಉಳಿದಿರುವುದೂ ಅದೇ ಖಾಲಿ ಜಾಗದಲ್ಲಿ. ಮೇಲಾಗಿ, ಇಷ್ಟು ವರ್ಷ ಸುಮ್ಮನೆ ಕೂತ ಡಿಸ್ಕ್ ಎಷ್ಟು ಹೊತ್ತು ತಿರುಗುತ್ತದೋ ಹೇಳಲಾಗದು. ಮೊದಲ ಒಂದು ಗಂಟೆಯೇ ಅದರ ಕೊನೆಯ ಗಂಟೆ ಎಂದುಕೊಂಡು ಕೆಲಸ ಮಾಡಬೇಕು. ಆ ಗಂಟೆ ಪೂರ್ತಿ ನಕಲು ತೆಗೆಯುವುದಕ್ಕೇ ಮೀಸಲು.

ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಐಡಿಇ ಟು ಯುಎಸ್‌ಬಿ’ ಎಂದು ಕೇಳಿದರೆ ಅಡಾಪ್ಟರ್ ಕೊಡುತ್ತಾರೆ. ಐಡಿಇ ಅಂದರೆ ಹಳೆಯ ಹಾರ್ಡ್ ಡಿಸ್ಕುಗಳ ಅಗಲ ಕೇಬಲ್ಲಿನ ಜೋಡಣೆ. ಬೇರೆ ಪವರ್ ಇಟ್ಟಿಗೆ ಇರುವುದನ್ನೇ ತಗೋ, 3.5 ಇಂಚಿನ ಡಿಸ್ಕಿಗೆ 5 ವೋಲ್ಟಿನ ಜೊತೆ 12 ವೋಲ್ಟೂ ಬೇಕು, ಯುಎಸ್‌ಬಿಯಿಂದ ಅದು ಬರುವುದಿಲ್ಲ. ಇಲ್ಲೊಂದು ಗುಂಡಿ ಇದೆ, ಬೀಳಬೇಡ. 500 ಎಂಬಿಗಿಂತ ಕಡಿಮೆಯ ಎಷ್ಟೋ ಹಳೆಯ ಡಿಸ್ಕುಗಳಿಗೆ ಎಲ್‌ಬಿಎ, ಅಂದರೆ ಒಂದೇ ಅಂಕಿಯ ವಿಳಾಸ, ಗೊತ್ತಿಲ್ಲ. ಅವು ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಅಂಕಿಯ ವಿಳಾಸವನ್ನಷ್ಟೇ ಅರ್ಥ ಮಾಡಿಕೊಳ್ಳುತ್ತವೆ. ಈ ಅಡಾಪ್ಟರುಗಳಲ್ಲಿ ಬಹಳಷ್ಟಕ್ಕೆ ಆ ಭಾಷೆ ಬರುವುದಿಲ್ಲ. ಡಿಸ್ಕ್ ತಿರುಗುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ. ಆಗ ‘ಡಿಸ್ಕ್ ಸತ್ತಿದೆ’ ಎಂದುಕೊಂಡು ಬಿಸಾಡಿದವರು ತುಂಬ ಜನ. ನಿಜವಾದ ಐಡಿಇ ಪೋರ್ಟ್ ಇರುವ ಮಧ್ಯಕಾಲದ ಬೋರ್ಡೊಂದನ್ನು, ಪೆಂಟಿಯಂ 4 ಕಾಲದ್ದಾದರೂ ಸರಿ, ಹಿಡಿದು ಲಿನಕ್ಸ್ ಸಿಡಿಯಿಂದ ಬೂಟ್ ಮಾಡಿದರೆ ಅದೇ ಡಿಸ್ಕ್ ಕಾಣುತ್ತದೆ.

ಜಂಪರ್ ಮಾಸ್ಟರಿನಲ್ಲಿರಲಿ. ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ ಒಂದನೇ ಪಿನ್ನಿಗೆ, ಅಂದರೆ ಹೆಚ್ಚಿನ ಡಿಸ್ಕುಗಳಲ್ಲಿ ಪವರ್ ಸಿಕ್ಕಿಸುವ ಕಡೆಗೆ. ನಕಲಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸು. ಮೊದಲ ಸುತ್ತಿನಲ್ಲಿ ಓದಲು ಬಾರದ ಜಾಗದ ಮೇಲೆ ಹಟ ಹಿಡಿಯದೆ ಮುಂದೆ ಹೋಗೆಂದು ಹೇಳು, ಅದಕ್ಕೆ ‘ಎನ್’ ಆಯ್ಕೆ ಇದೆ. ಚೆನ್ನಾಗಿರುವುದೆಲ್ಲ ಬಂದ ಮೇಲೆ ಎರಡನೇ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಮೂರು ಮೂರು ಸಲ ಓದಿಸು. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡ. ಕರೆಂಟ್ ಹೋದರೂ ನಿಲ್ಲಿಸಿದಲ್ಲಿಂದ ಮುಂದುವರಿಯುವುದು ಅದರಿಂದಲೇ. ಯಾವುದು ಮೂಲ, ಯಾವುದು ನಕಲು ಎನ್ನುವುದನ್ನು ಡಿಸ್ಕಿನ ಗಾತ್ರ ನೋಡಿ ಎರಡು ಸಲ ಖಚಿತ ಮಾಡಿಕೊಂಡೇ ಎಂಟರ್ ಒತ್ತು. ತಿರುಗುಮುರುಗಾದರೆ ಖಾಲಿ ಡಿಸ್ಕು ಹಳೆಯದರ ಮೇಲೆ ಬರೆದುಕೊಳ್ಳುತ್ತದೆ, ಅದಕ್ಕೆ ಮದ್ದಿಲ್ಲ. ವಿಂಡೋಸಿನಲ್ಲಿ ಸಿಕ್ಕಿಸಿ, ಅದು ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ಯಾವ ಕಾರಣಕ್ಕೂ ಹೂಂ ಅನ್ನಬೇಡ.

ಒಂದೇ ಲಯದಲ್ಲಿ ‘ಕಟ್, ಕಟ್, ಕಟ್’ ಎಂದು ಬಡಿದುಕೊಳ್ಳಲು ಶುರುವಾದರೆ ತಕ್ಷಣ ಪವರ್ ತೆಗೆ. ತಟ್ಟೆಯನ್ನು ಓದುವ ಹೆಡ್ ತನ್ನ ಜಾಗ ಹುಡುಕಲಾಗದೆ ತಡಕಾಡುವ ಸದ್ದು ಅದು. ಮುಂದುವರಿಸಿದರೆ ತಟ್ಟೆ ಗೀಚಿಹೋಗಬಹುದು. ಸದ್ದೇ ಇಲ್ಲ, ತಿರುಗುತ್ತಲೂ ಇಲ್ಲ ಎಂದರೆ ಹೆಡ್ಡು ತಟ್ಟೆಗೆ ಅಂಟಿಕೊಂಡಿರಬಹುದು. ಡಿಸ್ಕನ್ನು ಅಂಗೈ ಮೇಲೆ ಮಟ್ಟಸವಾಗಿ ಹಿಡಿದು, ಬೀಗದ ಕೈ ತಿರುಗಿಸುವ ಹಾಗೆ ಚುರುಕಾಗಿ ಒಮ್ಮೆ ತಿರುಗಿಸಿದರೆ ಕೆಲವು ಸಲ ಬಿಡುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಇದು. ಮುಚ್ಚಳ ಬಿಚ್ಚಿ ಇಣುಕುವುದಂತೂ ಬೇಡವೇ ಬೇಡ.

ನಕಲು ಸಿಕ್ಕಿದರೆ ಎರಡು ಕಡೆ ಇಡು. ಮುಂದಿನ ಹುಡುಕಾಟವೆಲ್ಲ ನಕಲಿನ ಮೇಲೆ. 86ಬಾಕ್ಸ್ ಎಂಬ ಎಮ್ಯುಲೇಟರಿನಲ್ಲಿ 486 ಯಂತ್ರ ಆರಿಸಿ, ಆ ನಕಲನ್ನು ಹಾರ್ಡ್ ಡಿಸ್ಕಾಗಿ ಕೊಟ್ಟರೆ ನಿಮ್ಮ ಮನೆಯ ಕಂಪ್ಯೂಟರು, ಅದೇ ವಾಲ್‌ಪೇಪರು, ಅದೇ ಐಕಾನುಗಳ ಸಾಲು ಲ್ಯಾಪ್‌ಟಾಪಿನೊಳಗೆ ಎದ್ದು ಕೂರುತ್ತದೆ. ಅಮ್ಮನಿಗೆ ಮೊದಲು ಅದನ್ನು ತೋರಿಸು.

ಫ್ಲಾಪಿಗಳ ವಿಷಯಕ್ಕೆ ಬರುತ್ತೇನೆ. 3.5 ಇಂಚಿನ ಎಚ್‌ಡಿ ಫ್ಲಾಪಿಯಲ್ಲಿ ಎರಡು ಮಗ್ಗುಲು, ಮಗ್ಗುಲಿಗೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್: ಒಟ್ಟು 14,74,560 ಬೈಟ್. ನಾವು 1.44 ಎಂಬಿ ಅನ್ನುತ್ತಿದ್ದದ್ದು ಇದನ್ನೇ. ಅಷ್ಟು ಒಂದು ಫೋನ್ ಫೋಟೊಗೂ ಸಾಲದು. ಆದರೆ ಕನ್ನಡದ ಬರಹಕ್ಕೆ ಧಾರಾಳ. ಡಬ್ಬಿಯಲ್ಲಿರುವುದು ಮೂವತ್ತು ಫ್ಲಾಪಿಯಾದರೂ ಒಂದು ಜೀವಮಾನದ ಪತ್ರವ್ಯವಹಾರ ಅದರಲ್ಲಿ ಹಿಡಿಸುತ್ತದೆ.

ಬೆಂಗಳೂರಿನ ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದ ಫ್ಲಾಪಿಗೆ ಬೂಸು ಹಿಡಿದಿರುತ್ತದೆ. ಲೋಹದ ಬಾಗಿಲನ್ನು ಸರಿಸಿ, ಹಿಂದಿನ ಗುಂಡು ತಗಡನ್ನು ಬೆರಳಿನಿಂದ ತಿರುಗಿಸುತ್ತ ಬೆಳಕಿಗೆ ಓರೆಯಾಗಿ ಹಿಡಿದು ನೋಡು. ಬಿಳಿ ಚುಕ್ಕೆ, ಮಂಕಾದ ಪಟ್ಟೆ ಕಂಡರೆ ಅದನ್ನು ಡ್ರೈವಿಗೆ ಹಾಕಬೇಡ. ಬೂಸು ಹೆಡ್ಡಿಗೆ ಮೆತ್ತಿಕೊಂಡು ಆ ಫ್ಲಾಪಿಯನ್ನು ಗೀರುವುದಲ್ಲದೆ ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಅದೇ 99ರ ಆಲ್ಕೋಹಾಲನ್ನು ಹತ್ತಿಕಡ್ಡಿಗೆ ಹಚ್ಚಿ, ಒತ್ತದೆ, ತಿರುಗಿಸುತ್ತ ಒರೆಸು, ಎರಡೂ ಮಗ್ಗುಲು. ಕಡ್ಡಿ ಬದಲಾಯಿಸುತ್ತಿರು. ಕಂದು ಬಣ್ಣ ದಪ್ಪಗೆ ಬರತೊಡಗಿದರೆ ಲೇಪನವೇ ಏಳುತ್ತಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ.

ಡ್ರೈವಿಗೆ ಹಾಕುವ ಮುನ್ನ ಮೂಲೆಯ ಪುಟ್ಟ ಕಿಟಕಿ ತೆರೆದಿಡು. 3.5 ಇಂಚಿನದರಲ್ಲಿ ಕಿಟಕಿ ತೆರೆದಿದ್ದರೆ ಬರೆಯಲಾಗದು. ದೊಡ್ಡ 5.25 ಇಂಚಿನದಕ್ಕೆ ನಿಯಮ ತಿರುಗುಮುರುಗು: ಪಕ್ಕದ ಕಚ್ಚನ್ನು ಟೇಪಿನಿಂದ ಮುಚ್ಚಿದರೆ ಬರೆಯಲಾಗದು. ಯುಎಸ್‌ಬಿ ಫ್ಲಾಪಿ ಡ್ರೈವ್ ಅಗ್ಗಕ್ಕೆ ಸಿಗುತ್ತದೆ, ಚೆನ್ನಾಗಿರುವ 1.44ಗಳಿಗೆ ಅಷ್ಟೇ ಸಾಕು. ಹಠಮಾರಿ ಫ್ಲಾಪಿಗೆ ಅದು ಆಗದು. ಎರಡು ಸಲ ನೋಡಿ ‘ಓದಲಾಗದು’ ಎಂದು ಕೈಬಿಡುತ್ತದೆ. ಅಂಥವಕ್ಕೆ ಗ್ರೀಸ್‌ವೀಝಲ್ ಎಂಬ ಪುಟ್ಟ ಬೋರ್ಡಿದೆ. ಮಾಮೂಲಿ ಫ್ಲಾಪಿ ಡ್ರೈವನ್ನು 34 ಪಿನ್ನಿನ ಕೇಬಲ್ಲಿನಲ್ಲಿ ಅದಕ್ಕೆ ಜೋಡಿಸಿದರೆ, ಸೆಕ್ಟರ್ ಗೊಡವೆಯಿಲ್ಲದೆ ಅಯಸ್ಕಾಂತದ ಏರಿಳಿತವನ್ನೇ ನೇರ ದಾಖಲಿಸಿಕೊಳ್ಳುತ್ತದೆ. ಅರ್ಥ ಬಿಡಿಸುವ ಕೆಲಸ ಆಮೇಲೆ, ನಿಧಾನಕ್ಕೆ. ದೊಡ್ಡ ಫ್ಲಾಪಿಗಳಿಗಂತೂ ನಾನು ನಂಬುವುದು ಇದನ್ನೇ.

ಒಂದು ಡ್ರೈವಿನಲ್ಲಿ ಓದದ ಫ್ಲಾಪಿ ಇನ್ನೊಂದರಲ್ಲಿ ಓದುವುದು ಅದೃಷ್ಟದ ಆಟವಲ್ಲ. ಹೆಡ್ಡು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದ ಡ್ರೈವು ತನ್ನ ಟ್ರ್ಯಾಕುಗಳನ್ನೂ ಅಷ್ಟೇ ಪಕ್ಕಕ್ಕೆ ಬರೆದಿರುತ್ತದೆ. ಅದು ಬರೆದದ್ದನ್ನು ಅದೇ ಚೆನ್ನಾಗಿ ಓದಬಲ್ಲದು. ಹಾಗಾಗಿ ಕ್ಯಾಬಿನೆಟ್ಟಿನಲ್ಲಿರುವ ಫ್ಲಾಪಿ ಡ್ರೈವನ್ನು ಗುಜರಿಗೆ ಹಾಕಬೇಡ. ಅದು ಬರೆದ ಫ್ಲಾಪಿಗಳ ಕೊನೆಯ ಆಸರೆ ಅದೇ ಇರಬಹುದು.

ಲೇಬಲ್ಲುಗಳಲ್ಲಿ ‘ಲೇಖನ – ನುಡಿ’, ‘ಪತ್ರಗಳು – ಬರಹ’ ಎಂದು ನಿಮ್ಮ ತಂದೆಯವರ ಕೈಬರಹ ಕಾಣುತ್ತಿದೆ. ನುಡಿ, ಬರಹ ಎರಡೂ ಕನ್ನಡ ಟೈಪ್ ಮಾಡುವ ತಂತ್ರಾಂಶಗಳು. ಬರಹದ ಮೊದಲ ಆವೃತ್ತಿ ಬಂದದ್ದು 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಅದಕ್ಕೂ ಆಮೇಲಿನದು. ಆದ್ದರಿಂದ ಆ ಫ್ಲಾಪಿಗಳು ಈ 486ರ ಮೇಲೆ ಬರೆದವಾಗಿರಲಿಕ್ಕಿಲ್ಲ, ಆಮೇಲೆ ಬಂದ ಯಂತ್ರದ್ದೋ ಕಚೇರಿಯದೋ ಇರಬೇಕು. ಫೈಲ್ ಸಿಕ್ಕಿ, ವರ್ಡಿನಲ್ಲಿ ತೆರೆದ ಕೂಡಲೇ ನಿನ್ನೆದೆ ಧಸಕ್ಕೆನ್ನುತ್ತದೆ, ಈಗಲೇ ಹೇಳಿರುತ್ತೇನೆ. ಒಂದಕ್ಷರ ಕನ್ನಡ ಕಾಣುವುದಿಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆಯ ಎ, ಪೌಂಡಿನ ಗುರುತು, ಹೀಗೆ ಗೋಜಲು. ಫೈಲ್ ಕೆಟ್ಟಿಲ್ಲ. ಗಾಬರಿಯಲ್ಲಿ ಏನನ್ನೂ ಬದಲಿಸಿ ಸೇವ್ ಮಾಡಬೇಡ.

ಆಗ ಕನ್ನಡಕ್ಕೆ ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ, ಬಳಕೆಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿ ಫಾಂಟ್ ಮಾಡುತ್ತಿದ್ದರು. ತುಂಡುಗಳು ಎಂದೆ, ಅಕ್ಷರ ಎನ್ನಲಿಲ್ಲ. ‘ಕ’ ಎಂಬುದು ಅಲ್ಲಿ ಎರಡು ತುಂಡು: ತಲೆಕಟ್ಟಿಲ್ಲದ ಒಡಲಿಗೆ ದೊಡ್ಡ ಪಿ, ತಲೆಕಟ್ಟಿಗೆ ಓರೆಗೆರೆಯ ಎ. ‘ಕನ್ನಡ’ ಎಂದು ಬರೆದರೆ ಫೈಲಿನಲ್ಲಿ ಸಾಲಾಗಿ ಕೂರುವುದು ಪಿ, ಗೆರೆ ಎ, ಪೌಂಡು, ಗೆರೆ ಎ, ನ ಒತ್ತಿಗೆ ಜರ್ಮನ್ ಭಾಷೆಯ ಜೋಡಿ ಎಸ್ಸಿನ ಅಕ್ಷರ, ಡ ಒಡಲಿಗೆ ಚಿಕ್ಕ ಕ್ಯೂ, ಮತ್ತೆ ಗೆರೆ ಎ. ಈ ಏಳು ಗುರುತು ನೆನಪಿಟ್ಟುಕೋ. ಗೋಜಲಿನ ನಡುವೆ ಇದು ಕಂಡರೆ ಫೈಲು ನುಡಿ ಅಥವಾ ಬರಹದ್ದೇ. ಕಾಣದಿದ್ದರೆ ಶ್ರೀಲಿಪಿಯಂಥ ಬೇರೆ ಫಾಂಟ್ ಕುಟುಂಬದ್ದು ಇರಬಹುದು, ಹಾಗಿದ್ದರೆ ಅದಕ್ಕೆ ಬೇರೆಯದೇ ಪರಿವರ್ತಕ ಬೇಕು.

ನುಡಿಯ ಜೊತೆಗೂ ಬರಹದ ಜೊತೆಗೂ ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಬರುತ್ತದೆ. ಅದು ಮಾಡುವ ಕೆಲಸ ಬರೀ ಅಕ್ಷರಕ್ಕೆ ಅಕ್ಷರ ಬದಲಿಸುವುದಲ್ಲ. ‘ಕರ್ನಾಟಕ’ ತಗೋ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ‘ನಾ’ ಆದ ಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಜಾಗಕ್ಕೆ ಬರಬೇಕು: ಮೊದಲು ರ, ಹಲಂತ, ಆಮೇಲೆ ನಾ. ಕೆಟ್ಟ ಪರಿವರ್ತಕಗಳು ಎಡವುವುದು ಇಲ್ಲೇ. ತಿರುಗಿಸಿದ ಮೇಲೆ ‘ವರ್ಷ’, ‘ಕಾರ್ಯ’, ‘ಧರ್ಮ’ ಎಂಬ ಪದಗಳನ್ನು ಹುಡುಕಿ ನೋಡು. ಅವು ಸರಿಯಿದ್ದರೆ ಉಳಿದದ್ದೂ ಬಹುಪಾಲು ಸರಿ. ಬಿಂದುವಿನ ಜಾಗದಲ್ಲಿ ಸೊನ್ನೆ ಅಂಕಿ ಒತ್ತಿಟ್ಟಿರುವುದೂ ಉಂಟು. ಕಣ್ಣಿಗೆ ಎರಡೂ ಒಂದೇ, ಹುಡುಕಿದಾಗ ಮಾತ್ರ ಪದ ಸಿಗುವುದಿಲ್ಲ.

ಇನ್ನೊಂದು ತೊಡಕು, ಇದಕ್ಕೆ ಕೈಯಾರೆ ದುಡಿಯಲೇಬೇಕು. ನಡುನಡುವೆ ಇಂಗ್ಲಿಷ್ ವಿಳಾಸ, ಹೆಸರು ಟೈಪ್ ಮಾಡಿದ್ದರೆ, ಇಡೀ ಪುಟವನ್ನು ಬರೀ ಪಠ್ಯವಾಗಿ ಪರಿವರ್ತಕಕ್ಕೆ ಕೊಟ್ಟಾಗ ಆ ಇಂಗ್ಲಿಷೂ ಕನ್ನಡದ ಚೂರುಗಳಾಗಿ ಬಿದ್ದಿರುತ್ತದೆ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎನ್ನುವ ಗುರುತು ಇರುವುದು ಫಾಂಟಿನ ಹೆಸರಿನಲ್ಲಿ ಮಾತ್ರ. ಆದ್ದರಿಂದ ಮೂಲ ಫೈಲನ್ನು ಹಾಗೇ ಉಳಿಸಿಕೋ, ವರ್ಡಿನಲ್ಲಿ ಫಾಂಟ್ ಹಿಡಿದು ಹುಡುಕಿ, ಕನ್ನಡ ಫಾಂಟಿನ ಭಾಗಗಳನ್ನಷ್ಟೇ ತಿರುಗಿಸು. ‘ಎಲ್ಲ ಆಯ್ಕೆ ಮಾಡಿ ತುಂಗಾ ಫಾಂಟಿಗೆ ಬದಲಾಯಿಸು’ ಎಂದು ಯಾರಾದರೂ ಹೇಳಿದರೆ ಕೇಳಬೇಡ. ಕನ್ನಡ ಬರುವುದಿಲ್ಲ, ಇದ್ದ ಗುರುತೂ ಅಳಿಸಿಹೋಗುತ್ತದೆ.

ಸರ್ಕಾರಿ ಕಚೇರಿಯ ಕಡೆಯಿಂದ ಬಂದ ಇನ್ನೂ ಹಳೆಯ ಡಾಸ್ ಫೈಲುಗಳಿದ್ದರೆ ಅವು ಸರ್ಕಾರಿ ಸಂಸ್ಥೆ ಸಿ–ಡ್ಯಾಕಿನ ಜಿಸ್ಟ್ (ಭಾರತೀಯ ಲಿಪಿ ತೋರಿಸುವ) ಕಾರ್ಡಿನವು ಇರಬಹುದು. ವಿಚಿತ್ರವೆಂದರೆ ಹಳೆಯದಾದ ಅದೇ ಸುಲಭ. ಅದು ತುಂಡುಗಳನ್ನಲ್ಲ, ಇಸ್ಕಿ ಎಂಬ ಭಾರತೀಯ ಲಿಪಿಗಳ ಸಂಕೇತ ಪದ್ಧತಿಯಲ್ಲಿ ಅಕ್ಷರಗಳನ್ನೇ ಉಳಿಸುತ್ತದೆ; ಯೂನಿಕೋಡಿನ ಭಾರತೀಯ ಲಿಪಿಗಳ ವಿಂಗಡಣೆ 1988ರ ಇಸ್ಕಿಯನ್ನೇ ಆಧರಿಸಿದೆ. ಹೆಚ್ಚುಕಡಿಮೆ ಒಂದಕ್ಕೊಂದು ಹೊಂದಿಕೊಂಡುಬಿಡುತ್ತದೆ.

ಇಷ್ಟಾದ ಮೇಲೆ ಸದ್ದಿನ ಕಡೆಗೆ ಹೋಗೋಣ.

ಮೊದಲು ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ಟಿನೊಳಗಿನ ಪವರ್ ಪೆಟ್ಟಿಗೆ. ಹಿಂದಿನ ಪುಟ್ಟ ಕೆಂಪು ಸ್ವಿಚ್ 230 ಎಂದು ತೋರಿಸುತ್ತಿದೆಯೇ ನೋಡು. ಸಾಗಿಸುವಾಗ ಅದು 115ಕ್ಕೆ ಜಾರಿದ್ದರೆ, ಒಳಗಿನ 200 ವೋಲ್ಟಿನ ಎರಡು ದೊಡ್ಡ ಕೆಪಾಸಿಟರುಗಳಿಗೂ ತಲಾ 300 ವೋಲ್ಟಿಗೂ ಮೀರಿ ಬಂದು ಪಟಾಕಿಯಂತೆ ಸಿಡಿಯುತ್ತವೆ. ಆ ಕಾಲದ ಕ್ಯಾಬಿನೆಟ್ಟುಗಳಲ್ಲಿ ಮುಂದಿನ ಸ್ವಿಚ್ಚಿಗೆ ಬರುವ ಕಂದು, ನೀಲಿ, ಕಪ್ಪು, ಬಿಳಿ ವೈರುಗಳಲ್ಲಿ ಹರಿಯುವುದು ನೇರ 230 ವೋಲ್ಟ್. ಅವನ್ನು ಬಿಚ್ಚುವ ಮುನ್ನ ಫೋಟೊ ತೆಗೆ; ಅದಲುಬದಲಾದರೆ ನೇರ ಶಾರ್ಟ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು, ನೆನಪಿದೆಯಾ? ಎಸ್‌ಎಂಪಿಎಸ್ಸಿನ ಫಿಲ್ಟರ್ ಕೆಪಾಸಿಟರುಗಳು ತಗಡಿಗೆ ಸುಮಾರು ಅರ್ಧ ಮೇನ್ಸ್ ವೋಲ್ಟೇಜನ್ನು ಸಣ್ಣ ಕರೆಂಟಿನಲ್ಲಿ ತಂದಿಡುತ್ತವೆ, ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಜುಮ್ಮೆಂದರೆ ಪ್ಲಗ್ಗಿನ ಮೂರನೇ ಪಿನ್ನಿಗೆ ಅರ್ಥ್ ಸಿಗುತ್ತಿಲ್ಲ ಎಂದು ತಿಳಿ. ಹಳೆಯ ಮನೆಯಲ್ಲಿ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿಮಾಡಿಸು.

ಬೋರ್ಡಿಗೆ ಕೊಡದೆ, ಹಾಳಾದ ಯಾವುದಾದರೂ ಹಾರ್ಡ್ ಡಿಸ್ಕನ್ನು ಭಾರಕ್ಕೆ ಹಾಕಿ, 60 ವ್ಯಾಟಿನ ಹಳೇ ಕಾಲದ ಬಲ್ಬನ್ನು ಸೀರೀಸಿನಲ್ಲಿಟ್ಟು ಎಸ್‌ಎಂಪಿಎಸ್ಸಿಗೆ ಕರೆಂಟ್ ಕೊಡು. ಎಲ್‌ಇಡಿ ಬಲ್ಬು ಇದಕ್ಕೆ ಆಗದು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ. ಸರಿಯಿದ್ದರೆ ಬಲ್ಬು ತೆಗೆದು ನೇರ ಕೊಟ್ಟು ಅಳೆ: ಕೆಂಪು ವೈರು 4.75ರಿಂದ 5.25, ಹಳದಿ 11.4ರಿಂದ 12.6 ವೋಲ್ಟಿನೊಳಗಿರಬೇಕು. ಕಿತ್ತಳೆ ವೈರು ‘ಪವರ್ ಗುಡ್’, ಅಲ್ಲಿ 5 ವೋಲ್ಟ್ ಬರದಿದ್ದರೆ ಬೋರ್ಡು ಏಳುವುದೇ ಇಲ್ಲ. ಬೋರ್ಡಿಗೆ ಹೋಗುವ ಪಿ8, ಪಿ9 ಎರಡು ಕನೆಕ್ಟರುಗಳನ್ನು ಕಪ್ಪು ವೈರುಗಳು ನಡುವೆ ಒಟ್ಟಿಗೆ ಬರುವ ಹಾಗೆ ಸಿಕ್ಕಿಸು. ಕಪ್ಪಿಗೆ ಕಪ್ಪು. ತಪ್ಪಿದರೆ ಬೋರ್ಡ್ ಹೋಯಿತು.

ಕೊಡುವ ಮುನ್ನ ಬೋರ್ಡಿನ ಮೇಲೆ 12 ವೋಲ್ಟಿನ ಪಿನ್ನಿಗೂ ನೆಲಕ್ಕೂ ನಡುವೆ ಮಲ್ಟಿಮೀಟರ್ ಇಡು. ಒಂದೆರಡು ಓಮ್ ತೋರಿಸಿದರೆ ಹುರುಳಿಕಾಳಿನಂಥ ಟ್ಯಾಂಟಲಂ ಕೆಪಾಸಿಟರೊಂದು ಶಾರ್ಟ್ ಆಗಿದೆ. ಬಹುಕಾಲ ಬಿದ್ದಿದ್ದಾಗ ಅವು ಹಾಗಾಗುತ್ತವೆ, ಕರೆಂಟ್ ಬಂದ ಕೂಡಲೇ ಬೆಂಕಿಯುಗುಳುತ್ತವೆ. 16 ವೋಲ್ಟಿನದರ ಜಾಗಕ್ಕೆ 25 ವೋಲ್ಟಿನದು ಹಾಕು. ಮಾನಿಟರಿನ ಹಿಂಬದಿ ಮಾತ್ರ ಬಿಚ್ಚಬೇಡ, ಓಡುವಾಗ ಪಿಕ್ಚರ್ ಟ್ಯೂಬಿಗೆ 20 ಸಾವಿರಕ್ಕೂ ಹೆಚ್ಚು ವೋಲ್ಟ್ ಬರುತ್ತದೆ, ಆರಿಸಿದ ಮೇಲೂ ಒಂದಿಷ್ಟು ಉಳಿದಿರಬಹುದು. ಮೊದಲ ದಿನಕ್ಕೆ ವಿಜಿಎ ಇರುವ ಯಾವುದಾದರೂ ಎಲ್‌ಸಿಡಿ ಸಾಕು.

ಮೊದಲ ಸಲ ಬರೀ ಬೋರ್ಡು, ರ‍್ಯಾಮ್, ಡಿಸ್‌ಪ್ಲೇ ಕಾರ್ಡು, ಪುಟ್ಟ ಸ್ಪೀಕರ್. ರ‍್ಯಾಮಿನ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜು, ಆಗಲೂ ಅದೇ ಔಷಧ, ಈಗಲೂ ಅದೇ. ಉಜ್ಜಿದ ಪುಡಿಯನ್ನು ಬ್ರಷ್ಷಿನಿಂದ ಗುಡಿಸಿಯೇ ಹಾಕು. 30 ಪಿನ್ನಿನ ರ‍್ಯಾಮಾದರೆ ನಾಲ್ಕು ನಾಲ್ಕರ ಗುಂಪಿನಲ್ಲೇ ಹಾಕಬೇಕು. ಬಯಾಸ್ ಎಎಂಐ ಕಂಪನಿಯದಾದರೆ ಬೀಪ್ ಎಣಿಸು: ಮೂರು ಬಂದರೆ ಮೊದಲ 64 ಕೆಬಿ ರ‍್ಯಾಮ್, ಎಂಟು ಬಂದರೆ ಡಿಸ್‌ಪ್ಲೇ ಕಾರ್ಡಿನ ಮೆಮೊರಿ. ಆರು ಬಂದರೆ ಕೀಬೋರ್ಡ್ ಚಿಪ್ಪು, ಅಂದರೆ ಮತ್ತೆ ಆ ಹಸಿರು ಮೂಲೆಗೇ ಹೋಗಬೇಕು. ಫ್ಲಾಪಿಯ ದೀಪ ಆರದೆ ಉರಿಯುತ್ತಲೇ ಇದ್ದರೆ ಕೇಬಲ್ ತಿರುಗಿದೆ, ಅಷ್ಟೆ.

ಟಿಕ್ ಟಿಕ್ ಎಣಿಸಿ ಬೀಪ್ ಬಂದರೆ ಡಿಲೀಟ್ ಒತ್ತಿ ಒಳಗೆ ಹೋಗು. ದಿನಾಂಕ, ಫ್ಲಾಪಿಯ ಬಗೆ ಕೊಡು. ಡಿಸ್ಕಿನ ಬದಲಿಗೆ 512 ಎಂಬಿಯ ಕಾಂಪ್ಯಾಕ್ಟ್ ಫ್ಲಾಷ್ ಕಾರ್ಡನ್ನು ಐಡಿಇ ಅಡಾಪ್ಟರಿನಲ್ಲಿ ಹಾಕಿ, ಅದಕ್ಕೆ ನಕಲನ್ನು ಬರೆದುಕೊಡು. ಹಳೆಯ ಬಯಾಸ್ 1024 ಸಿಲಿಂಡರ್, 16 ಹೆಡ್, 63 ಸೆಕ್ಟರಿಗಿಂತ ಆಚೆ ಕಾಣದು, ಅಂದರೆ ಸುಮಾರು 528 ಎಂಬಿ. ದೊಡ್ಡ ಕಾರ್ಡ್ ತಂದರೆ ಗೋಳು. ಹಳೆಯ ಡಿಸ್ಕಿನ ಲೇಬಲ್ ಮೇಲಿರುವ ಮೂರು ಅಂಕಿಗಳನ್ನೇ ಬಯಾಸಿನಲ್ಲಿ ಕೈಯಾರೆ ಕೊಡು. ಬೇರೆ ಅಂಕಿ ಕೊಟ್ಟರೆ ಫೈಲುಗಳಿದ್ದೂ ಬೂಟ್ ಆಗುವುದಿಲ್ಲ.

ಫ್ಲಾಷ್ ಕಾರ್ಡ್ ಸದ್ದೇ ಮಾಡುವುದಿಲ್ಲ, ಗೊತ್ತು. ಡಿಸ್ಕಿನ ಆ ಕರಕರ ಇಲ್ಲದೆ ಏನೋ ಖಾಲಿ ಅನಿಸುತ್ತದೆ. ಎರಡು ನಕಲೂ ಭದ್ರವಾದ ಮೇಲೆ, ಕನ್ನಡದ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿಯಾದ ಮೇಲೆ, ಹಳೆಯ ಡಿಸ್ಕನ್ನೇ ಒಂದು ಸಲ ಹಾಕಿ ಪೂರ್ತಿ ಕೇಳು. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೋ.

ಎಸ್.ಪಿ. ರೋಡಿಗೆ ಶನಿವಾರ ಮಧ್ಯಾಹ್ನದೊಳಗೇ ಹೋಗು, ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತಾರೆ. ಆಲ್ಕೋಹಾಲ್ ಒಂದು ಲೀಟರ್, 1ಎನ್5817 ಡಯೋಡ್ ಎರಡು, ಮೂರು ಸೆಲ್ಲಿನ ಡಬ್ಬಿ, ಐಡಿಇ ಅಡಾಪ್ಟರ್ ಇಷ್ಟು ತಗೋ. ಫ್ಲಾಪಿ ಡಬ್ಬಿಯನ್ನು ಸ್ಪೀಕರ್ ಪಕ್ಕ ಇಡಬೇಡ. ಬ್ಯಾಟರಿ ಕತ್ತರಿಸಿ ತೊಳೆದ ಮೇಲೆ ಬೋರ್ಡಿನ ಆ ಮೂಲೆಯನ್ನು ಹಗಲು ಬೆಳಕಿನಲ್ಲಿ, ಎರಡೂ ಮಗ್ಗುಲಿಂದ ಫೋಟೊ ತೆಗೆದು ಕಳಿಸು. ಯಾವ ಗೆರೆಗೆ ವೈರ್ ಎಳೆಯಬೇಕು ಎಂದು ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ಇಂತಿ ನಿನ್ನ,
ರವಿ